ಕೋಣೆಯಲ್ಲಿ ಕೂಡಿಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ

ನೋವಿನ ಮಾತ್ರೆಯ ಚಟ ಹತ್ತಿದ ಹುಡುಗ ಅದನ್ನು ಬಿಟ್ಟ ಕೂಡಲೇ ಪದೇಪದೇ ಆಕಳಿಸುತ್ತಾನೆ. ಮೂಗು ಸೋರುತ್ತದೆ, ಮೈಕೈ ನೋಯುತ್ತದೆ, ಭೇದಿ ಶುರುವಾಗುತ್ತದೆ. ಅದು ನಾಟಕವಲ್ಲ, ಟ್ರಮಡಾಲ್, ಹೆರಾಯಿನ್‌ನಂಥ ಓಪಿಯಾಯ್ಡ್‌ಗೆ ಒಗ್ಗಿಹೋದ ದೇಹದ ಸಂಕಟ. ಬೈದು, ಬಾಗಿಲಿಗೆ ಚಿಲಕ ಹಾಕಿದರೆ ವಾಸಿಯಾಗುವುದಿಲ್ಲ.

ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಭದ್ರಾವತಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮುಜುಗರವೇ? ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇನ್ನೂ ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ವೈದ್ಯರು ಬುಪ್ರೆನಾರ್ಫಿನ್ ಕೊಡಬಹುದು. ನಾಲಿಗೆಯಡಿ ಇಟ್ಟು ಕರಗಿಸುವ ಈ ಮಾತ್ರೆ ಸಂಕಟವನ್ನೂ ಹಂಬಲವನ್ನೂ ತಗ್ಗಿಸುತ್ತದೆ. ‘ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸಿದರು’ ಎನ್ನಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯಂತೆ ಇದೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಜೊತೆಗೆ ಆಪ್ತಸಮಾಲೋಚನೆಯೂ ನಡೆಯಲಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಇದೊಂದು ಮಾತು ಮರೆಯಬೇಡಿ: ಕೆಲವು ವಾರ ಬಿಟ್ಟಿದ್ದವನು ಮತ್ತೆ ಹಳೇ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಅಲುಗಾಡಿಸಿದರೂ ಏಳದೆ, ತುಟಿ ನೀಲಿಗಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ. ಚೇತರಿಕೆಯ ನಡುವೆ ಒಮ್ಮೆ ಜಾರಿದರೆ ಮನೆಯಿಂದ ಹೊರಹಾಕಬೇಡಿ, ಮರುದಿನವೇ ಮತ್ತೆ ವೈದ್ಯರ ಬಳಿ ಕರೆದೊಯ್ಯಿರಿ.