ಮುಚ್ಚಿದ ಡಬ್ಬಿಯೂ ಒಂದು ವೃತ್ತವೂ



ಹಲವು ವರ್ಷಗಳ ಹಿಂದೆ, ಬೇರೊಂದು ಊರಿನ ಕಾಲೇಜಿನಲ್ಲಿದ್ದಾಗ, ಒಬ್ಬ ಹುಡುಗಿ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯುವುದನ್ನು ಕಂಡೆ. "ಏನಮ್ಮಾ, ಡಯೆಟ್ಟಾ? ಸುಮ್ಮನೆ ತಿನ್ನು" ಎಂದುಬಿಟ್ಟೆ, ಅದೂ ಎಲ್ಲರೆದುರು. ಮರುದಿನದಿಂದ ಊಟದ ಹೊತ್ತಿಗೆ ಅವಳು ಯಾರ ಕಣ್ಣಿಗೂ ಬೀಳಲಿಲ್ಲ. ಮನಃಶಾಸ್ತ್ರ ಕಲಿಸುವ ನಾನೇ ಆಡಿದ ಮಾತು ಅದು.

ಊಟ ಬಿಡುವುದು, ತಡೆಯಲಾಗದೆ ಅತಿಯಾಗಿ ತಿನ್ನುವುದು, ತಿಂದು ವಾಂತಿ ಮಾಡಿಕೊಳ್ಳುವುದು ಬೇರುಬಿಟ್ಟು ಕಾಯಿಲೆಯಾದಾಗ ಅದನ್ನು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಹುಡುಗರಿಗೂ ಬರುತ್ತದೆ. ಇದು ಹಟವಲ್ಲ, ಶೋಕಿಯೂ ಅಲ್ಲ.

1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ತೂಕ ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗತೊಡಗಿದರು. ಯಾಕೆಂದು ಕೂರಿಸಿಕೊಂಡು ಕೇಳಿದರೆ, ಅನೇಕರು ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು. ಕೆಲವರಿಗೆ ದಪ್ಪ ಮೈಯೇ ರಕ್ಷಣೆಯ ಗೋಡೆ. ತೂಕ ಇಳಿದಷ್ಟೂ ಭಯ ಏರುತ್ತಿತ್ತು. ವೈದ್ಯರಿಗೆ ರೋಗವಾಗಿ ಕಂಡದ್ದು ಅವರಿಗೆ ಪರಿಹಾರವಾಗಿತ್ತು! ಮುಂದೆ ಅವರೂ ರಾಬರ್ಟ್ ಆಂಡಾ ಅವರೂ ಸೇರಿ 17,000ಕ್ಕೂ ಹೆಚ್ಚು ಜನರ ಬಾಲ್ಯದ ಕಹಿ ಅನುಭವಗಳನ್ನು ಅಧ್ಯಯನ ಮಾಡಿದರು. ಮೊದಲ ವರದಿ 1998ರಲ್ಲಿ ಬಂತು.

ಆಘಾತವನ್ನು ಅರಿತು ಮಾಡುವ ಚಿಕಿತ್ಸೆ ಹಿಡಿದಿರುವುದು ಇದೇ ಎಳೆಯನ್ನು. "ನಿನಗೇನು ರೋಗ?" ಎನ್ನುವ ಬದಲು "ನಿನಗೆ ಏನಾಯಿತು?" ಎಂದು ಯೋಚಿಸುವುದು. ಹಾಗೆಂದು ಮೊದಲ ದಿನವೇ ಹಳೆಯ ಗಾಯ ಕೆದಕುವುದಿಲ್ಲ. ಬಾಗಿಲು ತೆರೆದಿರಲೋ ಮುಚ್ಚಲೋ ಎಂದು ಕೇಳುತ್ತಾರೆ, ತೂಕ ನೋಡುವ ಮುನ್ನ ತಿಳಿಸುತ್ತಾರೆ, ಗಾಬರಿಯಾದಾಗ ಉಸಿರನ್ನು ಹಿಡಿತಕ್ಕೆ ತರುವುದನ್ನು ಕಲಿಸುತ್ತಾರೆ. ಒಮ್ಮೆ ಕೈತಪ್ಪಿದ ಆಯ್ಕೆ ಮತ್ತೆ ಅವರ ಕೈಗೆ ಬರಬೇಕು.

ಎಲ್ಲರ ಹಿಂದೆಯೂ ಇಂಥ ಆಘಾತ ಇದ್ದೇ ಇರುತ್ತದೆ ಎಂದಲ್ಲ. ಜೊತೆಗೆ, ಮಾತಿನಷ್ಟೇ ಅನ್ನವೂ ಬೇಕು. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟಾಗ, ಹಸಿವೇ ಅವರನ್ನು ಖಿನ್ನರನ್ನಾಗಿ, ಸಿಡುಕರನ್ನಾಗಿ ಮಾಡಿತು. ಕೆಲವರು ಹಗಲಿರುಳು ಅಡುಗೆ ಪುಸ್ತಕ ಓದುತ್ತಿದ್ದರು. ಆದ್ದರಿಂದ ವೈದ್ಯರ ನಿಗಾ ತಪ್ಪಬಾರದು. ರಂಜಾನ್ ಉಪವಾಸದ ಮರೆಯಲ್ಲಿ ಈ ಕಾಯಿಲೆ ಅಡಗಿ ಕೂರಬಹುದು. ಕಾಯಿಲೆಯವರಿಗೆ ರೋಝಾದಿಂದ ವಿನಾಯಿತಿ ಇದೆಯೆಂಬುದು ನಿಮಗೆ ಗೊತ್ತೇ ಇದೆ.

ಇನ್ನು ಸ್ವಮೌಲ್ಯ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯಲ್ಲಿ ಒಂದು ವೃತ್ತ ಬರೆಸುತ್ತಾರೆ. ನಿನ್ನನ್ನು ನೀನು ಅಳೆಯುವುದು ಯಾವುದರಿಂದ? ಸ್ನೇಹ, ಓದು, ಮನೆ, ಆಟ, ಮೈಕಟ್ಟು: ಒಂದೊಂದಕ್ಕೂ ಒಂದು ಹೋಳು. ಈ ಕಾಯಿಲೆಯವರ ವೃತ್ತದಲ್ಲಿ ಮೈಕಟ್ಟೇ ಮುಕ್ಕಾಲು ಪಾಲು ನುಂಗಿರುತ್ತದೆ. ಆ ಹೋಳಿನೊಡನೆ ಗುದ್ದಾಡಿದರಷ್ಟೇ ಸಾಲದು; ಕೈಬಿಟ್ಟ ಚಿತ್ರಕಲೆಯನ್ನೋ ಮಾತು ಬಿಟ್ಟ ಗೆಳತಿಯನ್ನೋ ಮರಳಿ ತಂದು ಉಳಿದ ಹೋಳುಗಳನ್ನೂ ಬೆಳೆಸುತ್ತಾರೆ. ಒಮ್ಮೆ ನೀವೂ ಬರೆದು ನೋಡಿ, ಯಾರಿಗೂ ತೋರಿಸಬೇಕಿಲ್ಲ. ನನ್ನದರಲ್ಲಿ ನಿಮ್ಮ ಫಲಿತಾಂಶದ ಹೋಳು ನಾಚಿಕೆಯಾಗುವಷ್ಟು ದೊಡ್ಡದಿತ್ತು.

ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಸ್ಟಾಫ್ ರೂಮಿಗೂ ಬನ್ನಿ. ಏನು ತಿಂದಿರಿ ಎಂದು ನಾನು ಕೇಳುವುದಿಲ್ಲ.