ಎತ್ತರಿಸಿದ ಹಳೆಯ ಪಿಕ್‌ಅಪ್ ಜೀಪು: ಮುಂದಿನ ಚಕ್ರಗಳ ಅಲೈನ್‌ಮೆಂಟ್ ಸರಿಪಡಿಸುವ ಕ್ರಮ

ಮಲೆನಾಡು ಮತ್ತು ಕೊಡಗಿನ ಸಣ್ಣ ಬೆಳೆಗಾರರಲ್ಲಿ ಹಳೆಯ ಜೀಪು ಅಥವಾ ಪಿಕ್‌ಅಪ್ ಇಟ್ಟುಕೊಂಡವರು ಇಂದಿಗೂ ಅನೇಕರಿದ್ದಾರೆ. ಗೊಬ್ಬರ, ಸುಣ್ಣ, ಕಾಫಿ ಚೀಲ, ಅಡಿಕೆ ಗೊನೆ ಎಲ್ಲಕ್ಕೂ ಇದೇ ಗಾಡಿ. ತೋಟದ ರಸ್ತೆಯ ಕೊರಕಲಿನಲ್ಲಿ ಹೊಟ್ಟೆ ತಾಗುತ್ತದೆಂದು ಗಾಡಿಯನ್ನು ಎರಡು ಮೂರು ಅಂಗುಲ ಎತ್ತರಿಸುವುದೂ ರೂಢಿಯಾಗಿದೆ. ಉದ್ದನೆಯ ಶ್ಯಾಕಲ್ ಹಾಕಿಸುವುದು, ಸ್ಪ್ರಿಂಗಿಗೆ ಪಟ್ಟೆ ಸೇರಿಸುವುದು, ಪಟ್ಟೆಗಳ ಕಮಾನು ಹೆಚ್ಚಿಸುವುದು, ದೊಡ್ಡ ಟಯರು ಹಾಕುವುದು, ಇವು ಸಾಮಾನ್ಯ ವಿಧಾನಗಳು.

ಎತ್ತರಿಸಿದ ಮೇಲೆ ತೋಟದೊಳಗೆ ಗಾಡಿ ಚೆನ್ನಾಗಿಯೇ ಹೋಗುತ್ತದೆ. ತೊಂದರೆ ಕಾಣುವುದು ಡಾಂಬರು ರಸ್ತೆಯಲ್ಲಿ. ಸ್ಟಿಯರಿಂಗ್ ಒಂದು ಕಡೆ ನಿಲ್ಲುವುದಿಲ್ಲ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ, ಸಣ್ಣ ಗುಂಡಿ ಸಿಕ್ಕರೆ ಮುಂದಿನ ಚಕ್ರಗಳೆರಡೂ ಜೋರಾಗಿ ತಲೆಯಾಡಿಸುತ್ತವೆ. ಆಗ ಮಾಲೀಕರು ಟೈ ರಾಡ್ ತಿರುಗಿಸಿ ಅಲೈನ್‌ಮೆಂಟ್ ಮಾಡಿಸುತ್ತಾರೆ. ವಾರದೊಳಗೆ ಅದೇ ಕಥೆ. ಹಿಂದೆ ಆಳುಗಳನ್ನೂ ಮೂಟೆಗಳನ್ನೂ ತುಂಬಿಕೊಂಡು ಘಾಟಿ ಇಳಿಯುವ ಗಾಡಿಯಲ್ಲಿ ಇದು ಟಯರಿನ ಖರ್ಚಿನ ಮಾತಷ್ಟೇ ಅಲ್ಲ, ಜೀವದ ಮಾತು. ಆದ್ದರಿಂದ ಕಾರಣವೇನು, ಯಾವ ಕ್ರಮದಲ್ಲಿ ಸರಿಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಮುಂದೆ ಇಡಿಯಾದ ಒಂದೇ ಆಕ್ಸಲ್ ಮತ್ತು ಪಟ್ಟೆ ಸ್ಪ್ರಿಂಗ್ ಇರುವ ವಿಲ್ಲೀಸ್ ಮಾದರಿಯ ಗಾಡಿಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಳ್ಳಲಾಗಿದೆ.

ಮೂರು ಅಳತೆಗಳು

1. ಕ್ಯಾಸ್ಟರ್: ಸೈಕಲ್ಲಿನ ಮುಂದಿನ ಫೋರ್ಕನ್ನು ಪಕ್ಕದಿಂದ ನೋಡಿರಿ. ಅದರ ಮೇಲ್ತುದಿ ಹಿಂದಕ್ಕೆ ಒರಗಿರುತ್ತದೆ. ಕೈಬಿಟ್ಟರೂ ಸೈಕಲ್ಲು ನೇರ ಹೋಗಲು ಈ ಓರೆ ನೆರವಾಗುತ್ತದೆ. ಜೀಪಿನಲ್ಲಿ ಕಿಂಗ್ ಪಿನ್ ಇದೇ ರೀತಿ ಹಿಂದಕ್ಕೆ ಒರಗಿರಬೇಕು. ಈ ಓರೆಯೇ ಕ್ಯಾಸ್ಟರ್.

2. ಕ್ಯಾಂಬರ್: ಗಾಡಿಯನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಹೊರಕ್ಕೆ ಅಥವಾ ಒಳಕ್ಕೆ ವಾಲಿರುವ ಪ್ರಮಾಣ.

3. ಟೋ-ಇನ್: ಎರಡು ಚಕ್ರಗಳ ನಡುವಿನ ಅಂತರವು ಹಿಂಭಾಗದಲ್ಲಿ ಇರುವುದಕ್ಕಿಂತ ಮುಂಭಾಗದಲ್ಲಿ ಎಷ್ಟು ಕಡಿಮೆ ಎಂಬುದು.

ಹಳೆಯ ವಿಲ್ಲೀಸ್ ಜೀಪಿಗೆ ಕ್ಯಾಸ್ಟರ್ 3 ಡಿಗ್ರಿ, ಕ್ಯಾಂಬರ್ ಒಂದೂವರೆ ಡಿಗ್ರಿ, ಟೋ-ಇನ್ 3/64 ರಿಂದ 3/32 ಅಂಗುಲ, ಅಂದರೆ ಸುಮಾರು 1.2 ರಿಂದ 2.4 ಮಿ.ಮೀ. ಎಂದು ನಿಗದಿಯಾಗಿತ್ತು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸತಕ್ಕದ್ದು.

ಇಡಿ ಆಕ್ಸಲಿನ ಗಾಡಿಯಲ್ಲಿ ಟೈ ರಾಡಿನಿಂದ ಬದಲಾಗುವುದು ಟೋ-ಇನ್ ಒಂದೇ. ಎತ್ತರಿಸಿದಾಗ ಕೆಡುವುದು ಮುಖ್ಯವಾಗಿ ಕ್ಯಾಸ್ಟರ್. ಕೆಟ್ಟದ್ದು ಒಂದು, ರಿಪೇರಿ ಮಾಡಿದ್ದು ಇನ್ನೊಂದು ಆದರೆ ಗುಣ ಕಾಣುವುದಾದರೂ ಹೇಗೆ? ಮೇಲಾಗಿ, ಕ್ಯಾಸ್ಟರ್ ಕಡಿಮೆಯಾದರೆ ಟಯರು ಅಷ್ಟಾಗಿ ಸವೆಯುವುದಿಲ್ಲ. ಟಯರನ್ನು ಮಾತ್ರ ನೋಡಿದವರಿಗೆ ಈ ದೋಷ ಗೊತ್ತಾಗುವುದೇ ಇಲ್ಲ.

ಎತ್ತರಿಸಿದಾಗ ಆಗುವುದೇನು?

ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂತುದಿಯಲ್ಲಿದೆ. ಹಿಂತುದಿ ಚಾಸಿಗೆ ನೇರವಾಗಿ ಸೇರಿದೆ. ಶ್ಯಾಕಲನ್ನು 4 ಸೆಂ.ಮೀ. ಉದ್ದ ಮಾಡಿದರೆ ಸ್ಪ್ರಿಂಗಿನ ಮುಂತುದಿ ಮಾತ್ರ ಚಾಸಿಯಿಂದ ಅಷ್ಟು ಕೆಳಗಿಳಿಯುತ್ತದೆ. ಸ್ಪ್ರಿಂಗಿನ ಉದ್ದ 90 ಸೆಂ.ಮೀ. ಎಂದಿಟ್ಟುಕೊಂಡರೆ ಅದು ಸುಮಾರು ಎರಡೂವರೆ ಡಿಗ್ರಿ ಮುಂದಕ್ಕೆ ವಾಲಿತು. ಅದಕ್ಕೆ ಬಿಗಿದ ಆಕ್ಸಲೂ ಜೊತೆಗೇ ವಾಲಿತು. ಗಾಡಿಯ ಮೂತಿ ಮೇಲೆದ್ದದ್ದರಿಂದ ಅರ್ಧ ಡಿಗ್ರಿಯಷ್ಟು ಮರಳಿ ಬಂದರೂ 2 ಡಿಗ್ರಿ ನಷ್ಟವೇ. 3 ಡಿಗ್ರಿಯಲ್ಲಿ ಉಳಿದದ್ದು ಒಂದು. ಹಿಂದಿನ ಭಾಗವನ್ನೂ ಸಮನಾಗಿ ಎತ್ತರಿಸಿದ್ದರೆ ಉಳಿಯುವುದು ಅರ್ಧ ಡಿಗ್ರಿ ಮಾತ್ರ. ಇಷ್ಟೆಲ್ಲ ಕಳೆದುಕೊಂಡು ಆಕ್ಸಲಿನ ಬಳಿ ಸಿಕ್ಕ ಎತ್ತರ ಕೇವಲ 2 ಸೆಂ.ಮೀ. ಎಂಬುದನ್ನೂ ಗಮನಿಸಿರಿ.

ಶ್ಯಾಕಲ್ ಹಿಂತುದಿಯಲ್ಲಿರುವ ಗಾಡಿಗಳಲ್ಲಿ ಪರಿಣಾಮ ಇದಕ್ಕೆ ವಿರುದ್ಧ: ಕ್ಯಾಸ್ಟರ್ ಹೆಚ್ಚಾಗಿ ಸ್ಟಿಯರಿಂಗ್ ಭಾರವಾಗುತ್ತದೆ. ಆದ್ದರಿಂದ ಮೊದಲು ನಿಮ್ಮ ಗಾಡಿಯ ಶ್ಯಾಕಲ್ ಯಾವ ತುದಿಯಲ್ಲಿದೆ ಎಂದು ಬಗ್ಗಿ ನೋಡಿರಿ.

ಎರಡನೆಯ ತೊಂದರೆ ಡ್ರ್ಯಾಗ್ ಲಿಂಕಿನದು. ಚಾಸಿ ಮೇಲೆದ್ದಾಗ ಸ್ಟಿಯರಿಂಗ್ ಬಾಕ್ಸೂ ಮೇಲೇಳುತ್ತದೆ, ಆಕ್ಸಲ್ ಕೆಳಗೇ ಉಳಿಯುತ್ತದೆ. ಡ್ರ್ಯಾಗ್ ಲಿಂಕ್ ಕಡಿದಾಗಿ ಇಳಿಜಾರಾಗುತ್ತದೆ. ಆಗ ಸ್ಪ್ರಿಂಗ್ ಮೇಲೆ ಕೆಳಗೆ ಆಡಿದಾಗಲೆಲ್ಲ ಲಿಂಕು ಚಕ್ರವನ್ನು ಎಳೆಯುತ್ತದೆ. ಗುಂಡಿಗೆ ಇಳಿದಾಗ ಸ್ಟಿಯರಿಂಗ್ ತಾನಾಗಿ ತಿರುಗುವುದು ಇದರಿಂದ.

ಸರಿಪಡಿಸುವ ಕ್ರಮ

ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬಾರದು. ಟೋ-ಇನ್ ಕೊನೆಯದು.

ಮೊದಲನೆಯದು, ಟಯರು. ಮುಂದಿನ ಎರಡೂ ಟಯರು ಒಂದೇ ಅಳತೆ, ಒಂದೇ ಜಾತಿ ಇರಲಿ. ಗಾಳಿ ಸಮನಾಗಿರಲಿ. ರಿಮ್ಮು ಸೊಟ್ಟಗಿದ್ದರೆ ಬದಲಿಸಿರಿ.

ಎರಡನೆಯದು, ಸಡಿಲ. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡಮರ ಕೊಟ್ಟು, ಆಕ್ಸಲಿನ ಕೆಳಗೆ ಗಟ್ಟಿ ಆಧಾರ ಇಟ್ಟು ಮುಂದಿನ ಚಕ್ರ ಎತ್ತಿರಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿರಿ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿರಿ. ಆಟ ಕಂಡರೆ ಒಬ್ಬರು ಬ್ರೇಕ್ ತುಳಿಯಲಿ. ಆಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ನಂತರ ಎಡಬಲ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ತುದಿಗಳ ಸವೆತ ತಿಳಿಯುತ್ತದೆ. ಚಕ್ರ ಇಳಿಸಿದ ಮೇಲೆ ಒಬ್ಬರು ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪ ಆಡಿಸುತ್ತಿರಲು, ಇನ್ನೊಬ್ಬರು ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್, ಶ್ಯಾಕಲ್ ಬುಷ್, ಯು-ಬೋಲ್ಟ್, ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳನ್ನು ಒಂದೊಂದಾಗಿ ನೋಡಬೇಕು. ಸವೆದದ್ದನ್ನೆಲ್ಲ ಬದಲಿಸಿರಿ. ಚಕ್ರಗಳು ತಲೆಯಾಡಿಸುವುದಕ್ಕೆ ಅನೇಕ ವೇಳೆ ಈ ಸಡಿಲಗಳೇ ಮೂಲ. ಸ್ಟಿಯರಿಂಗ್ ಡ್ಯಾಂಪರ್ ಹಾಕಿ ಅಲುಗಾಟ ಅಡಗಿಸುವುದು ಜ್ವರವಿದ್ದಾಗ ತಣ್ಣೀರು ಬಟ್ಟೆ ಹಾಕಿದಂತೆ. ರೋಗ ಒಳಗೇ ಉಳಿಯುತ್ತದೆ.

ಮೂರನೆಯದು, ಎತ್ತರ ಮತ್ತು ಕ್ಯಾಸ್ಟರ್. ಉದ್ದನೆಯ ಶ್ಯಾಕಲ್ ಇದ್ದರೆ ತೆಗೆದು ಮೂಲ ಅಳತೆಯದನ್ನು ಹಾಕುವುದೇ ಉತ್ತಮ. ಸ್ಪ್ರಿಂಗ್ ಸೋತು ಗಾಡಿ ಕುಸಿದಿದ್ದರಿಂದ ಎತ್ತರಿಸಿದ್ದಾದರೆ, ಹೊಸ ಸ್ಪ್ರಿಂಗ್ ಹಾಕಿ ಮೂಲ ಎತ್ತರಕ್ಕೆ ತಂದರೆ ಸಾಕು. ಎಡಬಲದ ಎತ್ತರ ಸಮನಾಗಿರಬೇಕು. ಎರಡು ಬದಿಯ ಕ್ಯಾಸ್ಟರ್ ಬೇರೆಯಾದರೆ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತದೆ.

ಎತ್ತರ ಮೂಲದಂತಿದ್ದೂ ಕ್ಯಾಸ್ಟರ್ ಕಡಿಮೆ ಬಂದರೆ, ಸ್ಪ್ರಿಂಗು ಮತ್ತು ಆಕ್ಸಲಿನ ನಡುವೆ ಉಕ್ಕಿನ ಬೆಣೆ ಹಾಕಬೇಕಾಗುತ್ತದೆ. ಆಕ್ಸಲ್ ಸ್ಪ್ರಿಂಗಿನ ಮೇಲೆ ಕುಳಿತಿರುವ ಗಾಡಿಯಲ್ಲಿ ಬೆಣೆಯ ದಪ್ಪ ತುದಿ ಮುಂದಕ್ಕೆ. ಸ್ಪ್ರಿಂಗ್ ಆಕ್ಸಲಿನ ಮೇಲಿರುವ ಗಾಡಿಯಲ್ಲಿ ದಪ್ಪ ತುದಿ ಹಿಂದಕ್ಕೆ. ಎರಡು ಬದಿಗೂ ಒಂದೇ ಡಿಗ್ರಿಯ ಬೆಣೆ, ಒಂದು ಬದಿಗೆ ಒಂದೇ ಬೆಣೆ. ಒಂದರ ಮೇಲೊಂದು ಪೇರಿಸಬಾರದು. ಬೆಣೆಯ ದಪ್ಪಕ್ಕೆ ತಕ್ಕಂತೆ ಉದ್ದದ ಸೆಂಟರ್ ಬೋಲ್ಟು, ಹೊಸ ಯು-ಬೋಲ್ಟು ಬೇಕು. ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸರದಿಯಂತೆ ಬಿಗಿದು, ನೂರು ಕಿಲೋಮೀಟರು ಓಡಿಸಿದ ಮೇಲೆ ಮತ್ತೆ ಬಿಗಿಯಿರಿ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಲ್ಲಿ ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಮುಂದಿನ ಆಕ್ಸಲಿನ ಪಿನಿಯನ್ ಮೂತಿ ಕೆಳಕ್ಕೆ ಬಾಗಿ ಪ್ರೊಪೆಲರ್ ಶಾಫ್ಟಿನ ಜಾಯಿಂಟಿಗೆ ಶ್ರಮ ಹೆಚ್ಚುತ್ತದೆ. ಬೇಕಾದಷ್ಟೇ ಹಾಕಿರಿ.

ನಾಲ್ಕನೆಯದು, ಡ್ರ್ಯಾಗ್ ಲಿಂಕ್. ಮೂಲ ಎತ್ತರಕ್ಕೆ ಬಂದರೆ ಇದು ತಾನಾಗಿ ಸರಿಹೋಗುತ್ತದೆ. ಟೈ ರಾಡನ್ನಾಗಲಿ ಸ್ಟಿಯರಿಂಗ್ ತೋಳುಗಳನ್ನಾಗಲಿ ಕಾಯಿಸಿ ಬಗ್ಗಿಸುವುದು, ಕತ್ತರಿಸಿ ವೆಲ್ಡಿಂಗ್ ಮಾಡುವುದು ಎಂದಿಗೂ ಕೂಡದು. ಅದು ಮುರಿದರೆ ಚಾಲಕನ ಕೈಯಲ್ಲಿ ಉಳಿಯುವುದು ಬರಿಯ ಚಕ್ರ. ಇದೇ ವೇಳೆ ಬ್ರೇಕಿನ ರಬ್ಬರ್ ಕೊಳವೆಗಳನ್ನೂ ನೋಡಿರಿ. ಎತ್ತರಿಸಿದ ಗಾಡಿಯಲ್ಲಿ ಸ್ಪ್ರಿಂಗ್ ಪೂರ್ತಿ ಇಳಿದಾಗ ಅವು ಬಿಗಿದು ಹರಿಯುವ ಸಂಭವವಿದೆ.

ಐದನೆಯದು, ಟೋ-ಇನ್. ಇದನ್ನು ಮನೆಯಲ್ಲೇ ಅಳೆಯಬಹುದು. ಚಕ್ರ ಎತ್ತಿ ತಿರುಗಿಸುತ್ತ, ಅಲುಗದಂತೆ ಹಿಡಿದ ಮೊಳೆಯಿಂದ ಟಯರಿನ ನಡುವೆ ಸುತ್ತಲೂ ಗೆರೆ ಎಳೆಯಿರಿ. ಎರಡಕ್ಕೂ ಹಾಗೆ ಮಾಡಿ ಗಾಡಿ ಇಳಿಸಿ, ಸ್ಟಿಯರಿಂಗ್ ನೇರವಿಟ್ಟು ಮೂರು ನಾಲ್ಕು ಮೀಟರು ಮುಂದಕ್ಕೆ ತಳ್ಳಿರಿ. ಆಕ್ಸಲಿನ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂಭಾಗದಲ್ಲಿ ಒಮ್ಮೆ, ಹಿಂಭಾಗದಲ್ಲಿ ಒಮ್ಮೆ ಟೇಪು ಹಿಡಿಯಿರಿ. ಮುಂಭಾಗದ ಅಳತೆ ಎಷ್ಟು ಕಡಿಮೆಯೋ ಅಷ್ಟೇ ಟೋ-ಇನ್. ಬೆಲ್ ಕ್ರ್ಯಾಂಕ್ ಇರುವ ಜೀಪಿನಲ್ಲಿ ಎಡಬಲಕ್ಕೆ ಬೇರೆ ಬೇರೆ ಟೈ ರಾಡ್ ಇರುತ್ತದೆ. ಬೆಲ್ ಕ್ರ್ಯಾಂಕನ್ನು ನೇರಕ್ಕೆ ಇಟ್ಟು ಎರಡನ್ನೂ ಹೊಂದಿಸಬೇಕು. ಕ್ಲ್ಯಾಂಪ್ ಬೋಲ್ಟು ಬಿಗಿಯಲು ಮರೆಯದಿರಿ.

ಕ್ಯಾಂಬರ್ ಬಗ್ಗೆ ಒಂದು ಮಾತು. ಇಡಿ ಆಕ್ಸಲಿನಲ್ಲಿ ಅದನ್ನು ಹೊಂದಿಸಲು ಅವಕಾಶವಿಲ್ಲ. ಕಿಂಗ್ ಪಿನ್ ಮತ್ತು ಬೇರಿಂಗ್ ಸರಿಯಿದ್ದೂ ಕ್ಯಾಂಬರ್ ತಪ್ಪಿದ್ದರೆ ಆಕ್ಸಲ್ ಬಾಗಿದೆ ಎಂದೇ ತಿಳಿಯಬೇಕು. ಟಾರ್ಷನ್ ಬಾರ್ ಇರುವ ಪಿಕ್‌ಅಪ್‌ಗಳಲ್ಲಿ ಮಾತ್ರ ಬಾರನ್ನು ತಿರುಗಿಸಿ ಎತ್ತರಿಸಿದರೆ ಕ್ಯಾಂಬರ್, ಟೋ ಎರಡೂ ಕೆಡುತ್ತವೆ. ಅಲ್ಲಿ ಬಾರನ್ನು ಮೂಲ ಎತ್ತರಕ್ಕೆ ಇಳಿಸಿದ ಮೇಲೆಯೇ ಅಲೈನ್‌ಮೆಂಟ್ ಮಾಡಿಸಬೇಕು.

ಗುರುತು ನೋಡಿ ದೋಷ ತಿಳಿಯುವುದು

ಎರಡೂ ಟಯರಿನ ಹೊರ ಅಂಚು ಗರಗಸದಂತೆ ಸವೆದಿದೆ: ಟೋ-ಇನ್ ಹೆಚ್ಚು.
ಎರಡೂ ಟಯರಿನ ಒಳ ಅಂಚು ಸವೆದಿದೆ: ಚಕ್ರಗಳು ಮುಂಭಾಗದಲ್ಲಿ ಅಗಲಿವೆ.
ಒಂದೇ ಟಯರಿನ ಒಂದೇ ಅಂಚು ಸವೆದಿದೆ: ಕ್ಯಾಂಬರ್ ದೋಷ, ಕಿಂಗ್ ಪಿನ್, ಬೇರಿಂಗ್, ಆಕ್ಸಲ್ ನೋಡಿರಿ.
ಟಯರು ಚೆನ್ನಾಗಿದೆ, ಗಾಡಿ ಅಲೆಯುತ್ತದೆ, ಸ್ಟಿಯರಿಂಗ್ ನೇರಕ್ಕೆ ಮರಳದು: ಕ್ಯಾಸ್ಟರ್ ಕಡಿಮೆ.
ಗುಂಡಿಗೆ ಇಳಿದಾಗ ಸ್ಟಿಯರಿಂಗ್ ತಿರುಗುತ್ತದೆ: ಡ್ರ್ಯಾಗ್ ಲಿಂಕ್ ಕಡಿದಾಗಿದೆ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯ ಹಣಕ್ಕೆ ಇಂಥ ಮಾರ್ಪಾಡು ಅಡ್ಡಬರಬಹುದು. ಗಾಡಿಯನ್ನು ಮೂಲ ಎತ್ತರಕ್ಕೆ ತರುವುದಕ್ಕೆ ಇದೂ ಒಂದು ಕಾರಣ.

ಕಾರ್ಯಾಗಾರಕ್ಕೆ ಹೋದಾಗ ಬರಿದೇ ಅಲೈನ್‌ಮೆಂಟ್ ಮಾಡಿ ಎನ್ನಬೇಡಿರಿ. ಕೆಲಸಕ್ಕೆ ಮೊದಲು ಮತ್ತು ನಂತರ ಎರಡೂ ಬದಿಯ ಕ್ಯಾಸ್ಟರ್, ಕ್ಯಾಂಬರ್, ಟೋ ಅಂಕೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಮುಂದಿನ ವರ್ಷಕ್ಕೂ ಆ ಚೀಟಿ ಉಪಯೋಗಕ್ಕೆ ಬರುತ್ತದೆ. ಮಳೆಗಾಲ ಮುಗಿದು ಅಡಿಕೆ ಕೊಯ್ಲು, ಕಾಫಿ ಕೊಯ್ಲು ಶುರುವಾಗುವ ಮೊದಲು ಈ ಕೆಲಸ ಮುಗಿಸಿದರೆ ಹೊರೆ ಸಾಗಿಸುವ ದಿನಗಳಲ್ಲಿ ಗಾಡಿ ಕೈಕೊಡದು. ಅಲ್ಲಿಯವರೆಗೆ ತಲೆಯಾಡಿಸುವ ಗಾಡಿಯನ್ನು ತೋಟದ ಗೇಟಿನೊಳಗೇ ಇಟ್ಟುಕೊಳ್ಳಿರಿ; ಆಳುಗಳನ್ನು ಕೂರಿಸಿಕೊಂಡು ಘಾಟಿಗೆ ಇಳಿಸಬೇಡಿರಿ.