ಲೂಕಾನ ಕಥೆ ಸಾಕು, ಆಟ ನೋಡು

ಚಿ. ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ, ಫುಟ್‌ಬಾಲ್ ಆಟಗಾರ ಲೂಕಾ ಮೊಡ್ರಿಚ್‌ನ ವಿಡಿಯೊ ನೋಡಿದೆ. ಹಿಂದೆ ಪಿಟೀಲು ಅಳುತ್ತಿರುತ್ತದೆ, ಮುಂದೆ ದಪ್ಪ ಅಕ್ಷರಗಳು ಬಂದು ಬಂದು ಹೋಗುತ್ತವೆ. ಯುದ್ಧದಲ್ಲಿ ಅಜ್ಜನನ್ನು ಕೊಂದರು, ಮನೆ ಸುಟ್ಟರು, ಕುಳ್ಳನೆಂದು ಕ್ಲಬ್ಬಿನವರು ವಾಪಸ್ ಕಳಿಸಿದರು, ಕೊನೆಗೆ ಜಗತ್ತಿಗೇ ಶ್ರೇಷ್ಠ ಆಟಗಾರನಾದ. ಕೆಳಗೆ ನೀನು ಬರೆದಿದ್ದೀಯ: 'ದೊಡ್ಡಪ್ಪಾ, ಮೊಡ್ರಿಚ್ ಕೂಡ ನನ್ನ ಹಾಗೇ ಸಣಕಲ. ಅವನ ಕೈಲಾಗಿದ್ದು ನನ್ನ ಕೈಲೂ ಆಗುತ್ತೆ.'

ಆಗಲಿ ಅಂತಲೇ ನನ್ನಾಸೆ. ಈ ಸಲ ತಂಡದ ಆಯ್ಕೆಪಟ್ಟಿಯಲ್ಲಿ ನಿನ್ನ ಹೆಸರು ಬರಲಿಲ್ಲವೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬೇಜಾರಾಗುವುದು ಸಹಜ. ಆದರೆ ಆ ವಿಡಿಯೊ ನೋಡಿಕೊಂಡು ಸಮಾಧಾನ ಮಾಡಿಕೊಳ್ಳಬೇಡ ಕಣೋ. ಅದರಲ್ಲಿರುವುದು ಬಹುಪಾಲು ನಿಜವೇ. ಆದರೆ ನಿನಗೆ ಉಪಯೋಗಕ್ಕೆ ಬರುವ ಒಂದು ಮಾತೂ ಅದರಲ್ಲಿಲ್ಲ.

ಮೊದಲು ಎತ್ತರದ ವಿಷಯ ಮುಗಿಸಿಬಿಡೋಣ. ಅವನ ಎತ್ತರ 172 ಸೆಂಟಿಮೀಟರ್, ಐದು ಅಡಿ ಎಂಟು ಇಂಚಿನ ಆಸುಪಾಸು. ನಮ್ಮ ಮನೆತನದಲ್ಲಿ ಅಷ್ಟು ಉದ್ದ ಬೆಳೆದವರು ಯಾರೂ ಇಲ್ಲ. ನಿಮ್ಮಪ್ಪ ತಾನು ಬೆಳೆದಿದ್ದೇನೆಂದು ವಾದಿಸುತ್ತಾನೆ, ಅವನನ್ನು ಚಪ್ಪಲಿ ಬಿಚ್ಚಿಸಿ ಅಳೆಯಬೇಕು.

ಇನ್ನು ಯುದ್ಧ. ಲೂಕಾ ಹುಟ್ಟಿದ್ದು 1985ರ ಸೆಪ್ಟೆಂಬರ್ 9ರಂದು, ಆಡ್ರಿಯಾಟಿಕ್ ಕಡಲ ದಂಡೆಯ ಜಾದರ್‌ನಲ್ಲಿ. ಆಗಿನ್ನೂ ಅದೆಲ್ಲ ಯುಗೊಸ್ಲಾವಿಯ. ಮನೆ ಇದ್ದದ್ದು ಒಳನಾಡಿನಲ್ಲಿ, ವೆಲೆಬಿಟ್ ಬೆಟ್ಟದ ತಪ್ಪಲಿನ ಮೊಡ್ರಿಚಿ ಅನ್ನುವ ಪುಟ್ಟ ಹಟ್ಟಿಯಲ್ಲಿ. ಹುಡುಗನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು, ಬೆಳೆದದ್ದೂ ಅಜ್ಜನ ಹಿಂದೆ ಮುಂದೆಯೇ. ಐದು ವರ್ಷದ ಲೂಕಾ ಆ ಕಲ್ಲುಗುಡ್ಡದಲ್ಲಿ ಆಡು ಕಾಯುತ್ತಿರುವ ಹಳೆಯ ಚಿತ್ರೀಕರಣವೊಂದು ಇವತ್ತಿಗೂ ಸಿಗುತ್ತದೆ. 1991ರಲ್ಲಿ ದೇಶ ಒಡೆಯಿತು. ಆ ಡಿಸೆಂಬರಿನಲ್ಲಿ ಸರ್ಬ್ ಬಂಡುಕೋರರು ಅಜ್ಜನನ್ನು ಗುಂಡಿಕ್ಕಿ ಕೊಂದರು, ಮನೆಗೂ ಬೆಂಕಿ ಬಿತ್ತು. ಉಳಿದವರು ಜಾದರ್‌ಗೆ ಓಡಿಬಂದು ಕೊಲೊವಾರೆ ಅನ್ನುವ ಹೋಟೆಲಿನಲ್ಲಿ ನಿರಾಶ್ರಿತರಾಗಿ ವರ್ಷಗಟ್ಟಲೆ ಇದ್ದರು. ಅಪ್ಪ ಸ್ಟೀಪೆ ಸೈನ್ಯದಲ್ಲಿ ಮೆಕ್ಯಾನಿಕ್, ಅಮ್ಮ ರಾದೊಯ್ಕಾ ಬಟ್ಟೆ ಕಾರ್ಖಾನೆಯಲ್ಲಿ ದುಡಿಮೆ. ಊರಿನ ಮೇಲೆ ಶೆಲ್ ಬೀಳುತ್ತಿದ್ದ ಕಾಲ. ಹುಡುಗ ಹೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲಿ ಚೆಂಡು ಒದೆಯುತ್ತಿದ್ದ.

ವಿಡಿಯೊ ಮಾಡಿದವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಯುದ್ಧವೇ ಅವನನ್ನು ಆಟಗಾರನನ್ನಾಗಿ ಮಾಡಿತು ಅನ್ನುವಂತೆ ತೋರಿಸುತ್ತಾರೆ. ಯುದ್ಧ ಯಾರನ್ನೂ ಏನನ್ನೂ ಮಾಡುವುದಿಲ್ಲ ಪುಟ್ಟ, ಇದ್ದದ್ದನ್ನು ಕಿತ್ತುಕೊಳ್ಳುತ್ತದೆ ಅಷ್ಟೇ. ಆ ಹೋಟೆಲಿನಲ್ಲಿ ಮನೆ ಕಳೆದುಕೊಂಡ ಬೇರೆ ಮಕ್ಕಳೂ ಇದ್ದರು. ಅವರ ಹೆಸರಿನಲ್ಲಿ ವಿಡಿಯೊ ಇಲ್ಲ.

ಅವನನ್ನು ಆಟಗಾರನನ್ನಾಗಿ ಮಾಡಿದ ಸಂಗತಿಗಳು ಬೇರೆ, ಮತ್ತು ಅವಕ್ಕೆ ಪಿಟೀಲು ಹೊಂದುವುದಿಲ್ಲ. 1992ರಲ್ಲಿ, ಅಂಥ ಹೊತ್ತಿನಲ್ಲೂ, ಅವನನ್ನು ಪ್ರಾಥಮಿಕ ಶಾಲೆಗೆ ಸೇರಿಸಿದ ವರ್ಷವೇ ಕ್ರೀಡಾ ಶಾಲೆಗೂ ಸೇರಿಸಿದರು. ಫೀಸು ಕಟ್ಟಲು ಅಪ್ಪ ಅಮ್ಮನಿಗೆ ಆಗದಾಗ ನನ್ನ ಸ್ಥಾನದ ಬಂಧುವೊಬ್ಬ ಕೈಯಿಂದ ಹಾಕಿದ್ದುಂಟಂತೆ. (ಆ ಪುಣ್ಯಾತ್ಮ ಯಾವ ವಿಡಿಯೊದಲ್ಲೂ ಕಾಣುವುದಿಲ್ಲ. ನಾನು ಗಮನಿಸಿದ್ದೇನೆ.) ಎನ್‌ಕೆ ಜಾದರ್ ಕ್ಲಬ್ಬಿನಲ್ಲಿ ಎಳೆಯರ ವಿಭಾಗ ನೋಡಿಕೊಳ್ಳುತ್ತಿದ್ದವರು ತೊಮಿಸ್ಲಾವ್ ಬಾಶಿಚ್. ಆಟದ ಮಟ್ಟಿಗೆ ಅವರೇ ತನ್ನ ತಂದೆ ಎಂದು ಲೂಕಾ ಇಂದಿಗೂ ನೆನೆಯುತ್ತಾನೆ. ಆ ಕರಾವಳಿಯ ದೊಡ್ಡ ಕ್ಲಬ್ಬು ಹೈಡುಕ್ ಸ್ಪ್ಲಿಟ್, ಮೈಯಲ್ಲಿ ಕಸುವಿಲ್ಲವೆಂದು ಹುಡುಗನನ್ನು ತೆಗೆದುಕೊಳ್ಳಲಿಲ್ಲ. ಬಾಶಿಚ್ ಅದಕ್ಕೆ ಭಾಷಣ ಮಾಡಲಿಲ್ಲ. ಎದುರಾಳಿ ಕ್ಲಬ್ಬಾದ ರಾಜಧಾನಿಯ ಡಿನಾಮೊ ಜಾಗ್ರೆಬ್ ಜೊತೆ ಮಾತಾಡಿ, ಹದಿನಾರನೇ ವಯಸ್ಸಿಗೆ ಅಲ್ಲಿಗೆ ಸೇರಿಸಿದರು.

ಡಿನಾಮೊದವರು ಕೂಡ ಅವನನ್ನು ತಕ್ಷಣ ತಲೆಯ ಮೇಲೆ ಕೂರಿಸಿಕೊಳ್ಳಲಿಲ್ಲ. 2003ರಲ್ಲಿ ಪಕ್ಕದ ಬೋಸ್ನಿಯಾದ ಜ್ರಿನ್‌ಸ್ಕಿ ಮೊಸ್ತಾರ್ ಕ್ಲಬ್ಬಿಗೆ ಎರವಲು ಕೊಟ್ಟರು. ಒರಟು ಆಟ, ಕಾಲಿಗೆ ಕಾಲು ಕೊಟ್ಟು ಬೀಳಿಸುವ ಲೀಗು ಅದು. ಹದಿನೆಂಟು ವರ್ಷದ ಈ ಕಡ್ಡಿಪೈಲ್ವಾನ ಆ ವರ್ಷ ಅಲ್ಲಿನ ಲೀಗಿಗೇ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ. ಮುಂದಿನ ಸಲ ಇನ್ನೊಂದು ಎರವಲು, ಇಂಟರ್ ಜಾಪ್ರೆಶಿಚ್‌ಗೆ. 2005ರಲ್ಲಿ ಡಿನಾಮೊ ಹತ್ತು ವರ್ಷದ ಕರಾರು ಮಾಡಿಕೊಂಡಿತು. ಆ ದುಡ್ಡಿನಲ್ಲಿ ಜಾದರ್‌ನಲ್ಲಿ ಅಪ್ಪ ಅಮ್ಮನಿಗೆ ಒಂದು ಫ್ಲ್ಯಾಟ್ ಕೊಂಡ. ಮೂರು ಲೀಗ್ ಪ್ರಶಸ್ತಿ ಗೆದ್ದು 2008ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್ ಸೇರಿದ, ಅಲ್ಲಿಂದ 2012ರಲ್ಲಿ ರಿಯಲ್ ಮ್ಯಾಡ್ರಿಡ್. ಅದೇ ಡಿಸೆಂಬರಿನಲ್ಲಿ ಸ್ಪೇನಿನ ಕ್ರೀಡಾ ಪತ್ರಿಕೆ 'ಮಾರ್ಕಾ' ಓದುಗರ ಮತ ಕೇಳಿದಾಗ ವರ್ಷದ ಅತ್ಯಂತ ದಂಡದ ಖರೀದಿ ಎಂದು ಆರಿಸಲ್ಪಟ್ಟವನು ಇವನೇ. ಆ ಓದುಗರು ಈಗ ಏನು ಹೇಳುತ್ತಾರೋ! ಹದಿಮೂರು ವರ್ಷ ಅಲ್ಲೇ ಆಡಿ, 28 ಪ್ರಶಸ್ತಿ ಗೆದ್ದು, ಅದರಲ್ಲಿ ಆರು ಚಾಂಪಿಯನ್ಸ್ ಲೀಗ್, 2025ರಲ್ಲಿ ಮಿಲಾನ್‌ಗೆ ಹೊರಟಾಗ ಆ ಕ್ಲಬ್ಬಿನ ಇತಿಹಾಸದಲ್ಲಿ ಅವನಷ್ಟು ಪ್ರಶಸ್ತಿ ಗೆದ್ದವರು ಇನ್ನೊಬ್ಬರಿರಲಿಲ್ಲ.

ಈಗ ಆಟಕ್ಕೆ ಬರೋಣ. ನೀನೂ ಮಿಡ್‌ಫೀಲ್ಡರ್, ಹಾಗಾಗಿ ಕೇಳು. ನಮ್ಮ ಕಡೆ ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸುವ ನುರಿತವನನ್ನು ನೋಡಿದ್ದೀಯಲ್ಲ? ಸಾರಿನ ಬಕೆಟ್ಟು ಕೈಗೆ ಬರುವ ಮೊದಲೇ ಯಾವ ಎಲೆಯಲ್ಲಿ ಅನ್ನ ಬರಿದಾಗಿ ಕೂತಿದೆ ಎಂದು ಅವನ ಕಣ್ಣು ಸಾಲಿನುದ್ದಕ್ಕೂ ಓಡಿಬಂದಿರುತ್ತದೆ. ಬಕೆಟ್ಟು ಹಿಡಿದುಕೊಂಡಾದ ಮೇಲೆ ಹುಡುಕುವವನು ಬರೀ ಅಡ್ಡ ನಿಲ್ಲುತ್ತಾನೆ. ಮೊಡ್ರಿಚ್ ಆಡುವಾಗ ಚೆಂಡನ್ನು ಬಿಟ್ಟುಬಿಡು, ಅವನ ಕತ್ತನ್ನು ನೋಡು. ಚೆಂಡು ಬರುವುದಕ್ಕೆ ಮೊದಲು ಎಡ ಭುಜದ ಮೇಲಿಂದ ಒಮ್ಮೆ, ಬಲ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿರುತ್ತಾನೆ. ಚೆಂಡು ಕಾಲಿಗೆ ತಗಲುವಷ್ಟರಲ್ಲಿ ಮೈ ಆಗಲೇ ತಿರುಗಿರುತ್ತದೆ, ಮೈಮೇಲೆ ಬೀಳಲು ಬಂದ ದಾಂಡಿಗನಿಗೆ ಗಾಳಿ ಸಿಗುತ್ತದೆ. ಸಣ್ಣ ಮೈಯವನು ದೊಡ್ಡವರ ನಡುವೆ ಉಳಿದುಕೊಂಡ ಉಪಾಯ ಇದು. ಛಲಕ್ಕೆ ಹೆಸರು ಕೊಟ್ಟು ಕೂತರೆ ಈ ಉಪಾಯ ಕಣ್ಣಿಗೆ ಬೀಳುವುದಿಲ್ಲ.

ಒಂದು ಪಾಸ್ ಹೇಳುತ್ತೇನೆ, ಹುಡುಕಿ ನೋಡು. 2022ರ ಏಪ್ರಿಲ್ 12, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್ಲಿನ ಎರಡನೇ ಪಂದ್ಯ. ಲಂಡನ್ನಿನಲ್ಲಿ 3-1ರಿಂದ ಸೋತಿದ್ದ ಚೆಲ್ಸಿ, ಮ್ಯಾಡ್ರಿಡ್‌ಗೇ ಬಂದು ಮೂರು ಗೋಲು ಹೊಡೆದುಬಿಟ್ಟಿದೆ. ಇನ್ನು ಹತ್ತು ನಿಮಿಷ ಉಳಿದಿದೆ, ಹಾಗೇ ಮುಗಿದರೆ ಮ್ಯಾಡ್ರಿಡ್ ಮನೆಗೆ. ಮೊಡ್ರಿಚ್‌ಗೆ ಮೂವತ್ತಾರು ವಯಸ್ಸು, ನಿಂತಿರುವುದು ಎಡಗಡೆ. ಅಲ್ಲಿಂದ ಬಲಗಾಲಿನ ಹೊರಮೈಯಲ್ಲಿ, ಕಿರುಬೆರಳಿನ ಕಡೆಯಿಂದ, ಚೆಂಡನ್ನು ತೇಲಿಸುತ್ತಾನೆ. ಅದು ಚೆಲ್ಸಿಯ ಅಷ್ಟೂ ರಕ್ಷಣಾ ಆಟಗಾರರ ತಲೆಯ ಮೇಲಿಂದ ಬಾಗಿಕೊಂಡು ಹೋಗಿ, ಆಚೆ ಓಡಿಬರುತ್ತಿದ್ದ ರಾಡ್ರಿಗೊನ ಕಾಲಿಗೆ ಇಳಿಯುತ್ತದೆ. ಚೆಂಡು ನೆಲ ಮುಟ್ಟುವ ಮೊದಲೇ ಗೋಲು. ಹೆಚ್ಚುವರಿ ಸಮಯದಲ್ಲಿ ಬೆಂಜೆಮಾ ಇನ್ನೊಂದು ಹಾಕಿ ಮ್ಯಾಡ್ರಿಡ್ ದಾಟಿಕೊಂಡಿತು. ಎಡಗಾಲು ಬಳಸಬೇಕಾದ ಜಾಗದಲ್ಲಿ ಬಲಗಾಲಿನ ಹೊರಮೈ ಬಳಸುವುದು ಶೋಕಿಯಲ್ಲ. ಕಾಲು ಬದಲಿಸಲು ಹಿಡಿಯುವ ಅರೆ ಸೆಕೆಂಡು ಅದರಲ್ಲಿ ಉಳಿಯುತ್ತದೆ. ನೀನು ಗೋಡೆಗೆ ಒದೆಯುವಾಗ ಇದನ್ನೂ ಅಭ್ಯಾಸ ಮಾಡು. ಕಿಟಕಿ ನೋಡಿಕೊಂಡು.

ಇದಕ್ಕಿಂತ ನನಗೆ ಮುಖ್ಯವೆನಿಸಿದ ಇನ್ನೊಂದು ಪಂದ್ಯವಿದೆ. ಅದರಲ್ಲಿ ಅವನು ಚೆನ್ನಾಗಿ ಮಾಡಿದ್ದಕ್ಕಿಂತ ಕೆಡಿಸಿದ್ದೇ ನೋಡುವಂಥದ್ದು. 2018ರ ಜುಲೈ 1, ವಿಶ್ವಕಪ್, ಡೆನ್ಮಾರ್ಕ್ ಎದುರು ಲೂಕಾನ ದೇಶ ಕ್ರೊಯೇಷಿಯ. 1-1ರಲ್ಲಿ ಸಮ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿದೆ. 114ನೇ ನಿಮಿಷ ದಾಟಿದಾಗ ಲೂಕಾನೇ ನಡುವಿನಿಂದ ಸೀಳಿದ ಪಾಸಿಗೆ ರೆಬಿಚ್ ಓಡಿ, ಗೋಲಿಯನ್ನೂ ದಾಟಿದ. ಖಾಲಿ ಗೋಲಿನೆದುರು ಅವನನ್ನು ಬೀಳಿಸಿದರು. ಪೆನಾಲ್ಟಿ. ಹೊಡೆಯಲು ನಾಯಕ ಲೂಕಾನೇ ಬಂದ. ಡೆನ್ಮಾರ್ಕಿನ ಗೋಲಿ ಕ್ಯಾಸ್ಪರ್ ಶ್ಮೈಕೆಲ್ ಎಡಕ್ಕೆ ಬಿದ್ದು ಚೆಂಡನ್ನು ಎದೆಗವಚಿಕೊಂಡ, ತಡೆದು ಬಿಟ್ಟದ್ದೂ ಅಲ್ಲ, ಹಿಡಿದೇಬಿಟ್ಟ.

ಹತ್ತು ವರ್ಷ ಹಿಂದೆ, 2008ರ ಯೂರೊ ಕ್ವಾರ್ಟರ್ ಫೈನಲ್ಲಿನಲ್ಲಿ, ವಿಯೆನ್ನಾದಲ್ಲಿ ಟರ್ಕಿ ಎದುರಿನ ಶೂಟೌಟಿನಲ್ಲಿ ಮೊದಲ ಪೆನಾಲ್ಟಿಯನ್ನೇ ಗೋಲಿನ ಹೊರಗೆ ಹೊಡೆದಿದ್ದವನೂ ಇವನೇ. ಅವತ್ತು ಕ್ರೊಯೇಷಿಯ ಮನೆಗೆ ಹೋಗಿತ್ತು. ಇಂಥ ನೆನಪು ತಲೆಯಲ್ಲಿಟ್ಟುಕೊಂಡವನು ಈಗ ಶ್ಮೈಕೆಲ್ ಕೈಯಲ್ಲಿ ಚೆಂಡು ಹಿಡಿಸಿಕೊಂಡಿದ್ದಾನೆ. ಹತ್ತೇ ನಿಮಿಷದಲ್ಲಿ ಶೂಟೌಟ್. 'ನನ್ನ ಕಾಲು ಇವತ್ತು ಸರಿಯಿಲ್ಲ, ಬೇರೆಯವರು ಹೊಡೆಯಲಿ' ಅಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮೂರನೆಯವನಾಗಿ ನಡೆದು ಬಂದ, ಅದೇ ಶ್ಮೈಕೆಲ್ ಎದುರು ಹೊಡೆದ, ಹೋಯಿತು ಒಳಗೆ. ಆ ಶೂಟೌಟಿನಲ್ಲಿ ಡೆನ್ಮಾರ್ಕಿನ ಮೂರು ಹೊಡೆತ ತಡೆದು ಪಂದ್ಯ ಉಳಿಸಿದವನು ಕ್ರೊಯೇಷಿಯದ ಗೋಲಿ ಸುಬಾಶಿಚ್, ಅವನೂ ಜಾದರ್‌ನವನೇ. ಹಾಗಾಗಿ ಲೂಕಾನ ಗಟ್ಟಿಗತನವೇ ಗೆಲ್ಲಿಸಿತು ಅಂತಲೂ ಹೇಳಬೇಡ. ಸುಬಾಶಿಚ್ ತಡೆಯದಿದ್ದರೆ ಲೂಕಾ ಮತ್ತೆ ಪೆನಾಲ್ಟಿ ಕೆಡಿಸಿದವನಾಗಿಯೇ ಉಳಿಯುತ್ತಿದ್ದ. ಗೊತ್ತಿದ್ದೂ ಚೆಂಡು ಕೇಳಿದನಲ್ಲ, ಅದು ನೋಡು. ನಿಮ್ಮಪ್ಪ ಹೇಳಿದ ಹಾಗೆ, ಒಂದು ಪಾಸ್ ತಪ್ಪಿದರೆ ನೀನು ಆಮೇಲೆ ಕಾಲು ಗಂಟೆ ಚೆಂಡು ಬಾರದ ಕಡೆ ಹೋಗಿ ನಿಲ್ಲುತ್ತೀಯಂತೆ. ನಿನ್ನ ಎದೆ ಸುತ್ತಳತೆಗಿಂತ ನನಗೆ ಇದರದೇ ಚಿಂತೆ.

ಆ ವಿಶ್ವಕಪ್ಪಿನಲ್ಲಿ ಕ್ರೊಯೇಷಿಯ ಮೂರು ಪಂದ್ಯ ಸಾಲಾಗಿ ಹೆಚ್ಚುವರಿ ಸಮಯದವರೆಗೆ ಆಡಿ, ಮಾಸ್ಕೊದ ಫೈನಲ್ಲಿನಲ್ಲಿ ಫ್ರಾನ್ಸ್‌ಗೆ 4-2ರಿಂದ ಸೋತಿತು. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ದೇಶ! ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಲೂಕಾಗೆ. ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಬ್ಯಾಲನ್ ಡಿ'ಓರ್ ಕೂಡ. ಹತ್ತು ವರ್ಷ ಮೆಸ್ಸಿ ಮತ್ತು ರೊನಾಲ್ಡೊ ಬಿಟ್ಟು ಬೇರೆ ಯಾರಿಗೂ ಸಿಕ್ಕಿರದ ಪ್ರಶಸ್ತಿ. 2022ರ ಕತಾರ್ ವಿಶ್ವಕಪ್ಪಿನಲ್ಲಿ ಕ್ರೊಯೇಷಿಯಕ್ಕೆ ಮೂರನೇ ಸ್ಥಾನ.

ವಿಡಿಯೊ ಹೇಳದ ಒಂದು ಕಹಿ ಸಂಗತಿಯನ್ನೂ ನಿನಗೆ ಹೇಳಬೇಕು, ನೀನೇನು ಚಿಕ್ಕ ಮಗುವಲ್ಲ. ಡಿನಾಮೊ ಕ್ಲಬ್ಬನ್ನು ಆಳುತ್ತಿದ್ದ ಜದ್ರಾವ್ಕೊ ಮಾಮಿಚ್ ಎಂಬಾತ ಆಟಗಾರರ ಮಾರಾಟದ ದುಡ್ಡಿನಲ್ಲಿ ಅವ್ಯವಹಾರ ಮಾಡಿದನೆಂದು ಮೊಕದ್ದಮೆ ನಡೆಯಿತು. ಲೂಕಾ ಟಾಟೆನ್‌ಹ್ಯಾಮ್‌ಗೆ ಹೋದಾಗಿನ ಹಣ ಹಂಚಿಕೆಯೂ ಅದರಲ್ಲಿತ್ತು. 2017ರಲ್ಲಿ ಓಸಿಯೆಕ್ ನ್ಯಾಯಾಲಯದಲ್ಲಿ ಲೂಕಾ ಕೊಟ್ಟ ಸಾಕ್ಷ್ಯ, ಅವನೇ ಮೊದಲು ತನಿಖೆಯವರ ಮುಂದೆ ಹೇಳಿದ್ದಕ್ಕೆ ತಾಳೆಯಾಗಲಿಲ್ಲ. ಜನ ಕೆರಳಿದರು. ಅವನು ನಿರಾಶ್ರಿತನಾಗಿ ಬೆಳೆದ ಹೋಟೆಲಿನ ಗೋಡೆಯ ಮೇಲೇ ಅವನ ವಿರುದ್ಧ ಬರೆದರು. ವಿಶ್ವಕಪ್ಪಿನ ಹೊಸ್ತಿಲಲ್ಲಿ ಮಾಮಿಚ್‌ಗೆ ಶಿಕ್ಷೆಯಾಯಿತು, ಆತ ಬೋಸ್ನಿಯಾಗೆ ಹೋಗಿ ಕೂತ. ಲೂಕಾನ ಮೇಲೆ ಹೊರಿಸಿದ್ದ ಸುಳ್ಳುಸಾಕ್ಷ್ಯದ ಆರೋಪವನ್ನು 2018 ಮುಗಿಯುವುದರೊಳಗೆ ನ್ಯಾಯಾಲಯ ತಳ್ಳಿಹಾಕಿತು. ಕಾನೂನಿನ ಮಟ್ಟಿಗೆ ಅದು ಮುಗಿದ ಮಾತು. ಆದರೂ ಹದಿಹರೆಯದಲ್ಲಿ ತನಗೆ ದಾರಿ ಕೊಟ್ಟವರ ಋಣ ಎಲ್ಲಿಯವರೆಗೆ, ಅವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕುವುದು ಎಲ್ಲಿಯವರೆಗೆ ಅನ್ನುವುದನ್ನು ನಾನು ಅವನ ಜಾಗದಲ್ಲಿ ನಿಂತು ಯೋಚಿಸಿದ್ದುಂಟು, ಸುಲಭದ ಉತ್ತರ ಸಿಗಲಿಲ್ಲ. ನಾಳೆ ಯಾವುದಾದರೂ ಅಕಾಡೆಮಿಯವರು ನಿನ್ನ ಮುಂದೆ ಕಾಗದ ಇಟ್ಟರೆ ಮೊದಲು ಮನೆಗೆ ತಗೊಂಡು ಬಾ. ನಿಮ್ಮಪ್ಪ ಓದಲಿ, ನಾನೂ ಓದುತ್ತೇನೆ.

ಅಂದಹಾಗೆ, ಆ ದೇಶ ನಮಗೆ ಅಷ್ಟೇನೂ ದೂರವಲ್ಲ. 2012–13ರಲ್ಲಿ ಲೂಕಾನ ರಾಷ್ಟ್ರೀಯ ತಂಡಕ್ಕೆ ತರಬೇತುದಾರನಾಗಿದ್ದ ಇಗೊರ್ ಸ್ಟಿಮಾಚ್ 2019ರಿಂದ 2024ರವರೆಗೆ ಭಾರತ ತಂಡವನ್ನು ನಡೆಸಿದ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಅವನ ಕೈಕೆಳಗೇ ಆಡಿದ್ದು. ಚೆಟ್ರಿಯೂ ಆಳುದ್ದದವನೇನಲ್ಲ, ಅದು ನಿನಗೇ ಗೊತ್ತು.

ದಸರಾ ರಜೆಗೆ ಬಾ. ಡೆನ್ಮಾರ್ಕ್ ಪಂದ್ಯವನ್ನು ಪೂರ್ತಿ ಹಾಕಿಕೊಂಡು ನೋಡೋಣ, ಹೈಲೈಟ್ಸ್ ಬೇಡ. ಮೊಡ್ರಿಚ್ ಎಷ್ಟು ಸಲ ಹಿಂದೆ ತಿರುಗಿ ನೋಡುತ್ತಾನೆಂದು ನೀನು ಒಂದು ಅರ್ಧ ಎಣಿಸು, ಇನ್ನೊಂದು ಅರ್ಧ ನಾನು ಎಣಿಸುತ್ತೇನೆ. ಬೂಟು ಹರಿದಿದೆಯೆಂದು ಕೇಳಿದೆ. ಸೈಜ್ ಬರೆದು ಕಳಿಸು, ಈಗಿನ ಕಾಲಿನದು, ಹೋದ ವರ್ಷದ್ದಲ್ಲ. ಗಣಿತದ ಮಾರ್ಕ್ಸ್ ಬಗ್ಗೆ ಈ ಪತ್ರದಲ್ಲಿ ನಾನು ಏನೂ ಕೇಳಿಲ್ಲ ಅನ್ನುವುದನ್ನು ನಿಮ್ಮಮ್ಮನಿಗೆ ತೋರಿಸಬೇಡ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ